ಓದುಗರ ಪ್ರಶ್ನೆ, ನಮ್ಮ ಉತ್ತರ: ಕೊಲೆಗಾರ ಯಾರು ಅಂತ ಗೊತ್ತಾದ್ರೂ ಬೈತಾರೆ, ಗೊತ್ತಾಗ್ದಿದ್ರೂ ಬೈತಾರೆ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಕಾದಂಬರಿ ಬಗ್ಗೇನೇ ಇತ್ತು, ಅದ್ರಲ್ಲೂ ಬರೆಯೋರ ಗೋಳೇ ಜಾಸ್ತಿ. ಐದನ್ನ ಆರಿಸ್ಕೊಂಡಿದ್ದೀನಿ.

ಮೇಡಂ, ನಾನು ಒಂದು ಆ್ಯಪ್‌ನಲ್ಲಿ ಪತ್ತೇದಾರಿ ಧಾರಾವಾಹಿ ಬರೀತೀನಿ. ಮೊದಲನೇ ಕತೇಲಿ ಕೊಲೆಗಾರ ಯಾರು ಅಂತ ಐದನೇ ಕಂತಿಗೇ ಗೊತ್ತಾಯ್ತು ಅಂತ ಕಾಮೆಂಟಲ್ಲಿ ಬೈದ್ರು. ಸರಿ ಅಂತ ಎರಡನೇದ್ರಲ್ಲಿ ಯಾರೂ ಊಹಿಸ್ದಂಗೆ ಕೊನೇ ಕಂತಲ್ಲಿ ಒಬ್ಬ ಲಾರಿ ಡ್ರೈವರ್‌ನ ತಂದು ಅವನೇ ಕೊಲೆಗಾರ ಅಂದೆ. ಈಗ ಮೋಸ ಅಂತ ಬೈತಿದ್ದಾರೆ. ಇವ್ರಿಗೆ ಬೇಕಾಗಿರೋದೇನು? (ವಿದ್ಯಾರ್ಥಿ, ದಾವಣಗೆರೆ)

ಅವ್ರಿಗೆ ನಿಮ್ಮ ಕೈಲಿ ಸೋಲಬೇಕು ಕಣಪ್ಪ, ಆದ್ರೆ ನ್ಯಾಯವಾಗಿ ಸೋಲಬೇಕು. ಪತ್ತೇದಾರಿ ಓದೋನು ಮೊದಲ ಪುಟದಿಂದಲೇ ನಿಮ್ ಜೊತೆ ಪಂದ್ಯಕ್ಕೆ ಕೂತಿರ್ತಾನೆ, ಕೊನೇಲಿ ಹೆಸರು ಹೊರಗೆ ಬಂದಾಗ ಹಿಂದಿನ ಪುಟ ತಿರುವಿ ಹಾಕಿ "ಛೆ, ಇಲ್ಲೇ ಇತ್ತಲ್ಲ, ನಾನು ಹೆಂಗೆ ಬಿಟ್ಟೆ" ಅಂತ ಹಣೆ ಚಚ್ಕೋಬೇಕು, ಅದೇ ಅವನಿಗೆ ಸಿಗೋ ಖುಷಿ. ನಿಮ್ಮ ಲಾರಿ ಡ್ರೈವರ್ ಕತೇಲಿ ತಿರುವಿ ಹಾಕೋಕೆ ಹಿಂದಿನ ಪುಟದಲ್ಲಿ ಏನೂ ಇಲ್ವಲ್ಲ. 1929ರಲ್ಲೇ ರೊನಾಲ್ಡ್ ನಾಕ್ಸ್ ಅಂತ ಒಬ್ಬ ಇಂಗ್ಲೆಂಡಿನ ಪಾದ್ರಿ, ತಾನೂ ಪತ್ತೇದಾರಿ ಕತೆ ಬರೀತಿದ್ದೋರು, ಹತ್ತು ನಿಯಮ ಬರೆದಿಟ್ರು, ಅದರಲ್ಲಿ ಮೊದಲನೇದೇ ಇದು, ಅಪರಾಧಿ ಕತೆಯ ಶುರುವಲ್ಲೇ ಬಂದು ಹೋಗಿರಬೇಕು. ಪತ್ತೇದಾರನಿಗೆ ಸಿಕ್ಕಿದ ಸುಳಿವು ಓದುಗನಿಗೂ ಸಿಗಬೇಕು, ಅವಳಿ ತಮ್ಮನನ್ನ ಇದ್ದಕ್ಕಿದ್ದಂಗೆ ಕರ್ಕೊಂಡು ಬರಬಾರದು ಅಂತಾನೂ ಇದೆ. ಹತ್ತೂ ಪಾಲಿಸ್ಬೇಕು ಅಂತಿಲ್ಲ, ಎಷ್ಟೋ ಒಳ್ಳೇ ಕತೆಗಳು ಒಂದೆರಡನ್ನ ಮುರಿದೇ ಗೆದ್ದಿವೆ, ಆದ್ರೆ ಆ ಮೊದಲನೇದನ್ನ ಮುರಿಯೋಕೆ ಭಾರೀ ಗಟ್ಟಿ ಕೈ ಬೇಕು.

ಸುಳಿವು ಕೊಡೋದು ಹೆಂಗೆ, ಮುಚ್ಚಿಡೋದು ಹೆಂಗೆ ಅಂತೀರಾ? ಗಲಾಟೆ ಮಧ್ಯೆ ಇಡಿ. ಈಗ ಮನೆ ಯಜಮಾನನ ಕೊಲೆ ಆಗಿದೆ ಅಂತಿಟ್ಕೊಳ್ಳಿ. ಸುದ್ದಿ ಕೇಳಿ ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೆ ಚಿಕ್ಕಪ್ಪ ಬಂದಿಳೀತಾನೆ, ಬ್ಯಾಗ್ ಕೆಳಗಿಡ್ತಾ "ಅಯ್ಯೋ, ರಾತ್ರಿಯಿಡೀ ಕರೆಂಟ್ ಇಲ್ಲ, ಮೋಟರ್ ಓಡಿಲ್ಲ, ಇಷ್ಟು ಜನಕ್ಕೆ ಸ್ನಾನಕ್ಕೆ ನೀರೆಲ್ಲಿ, ಯಾರಾದ್ರೂ ಟ್ಯಾಂಕರ್‌ಗೆ ಫೋನ್ ಮಾಡ್ರೋ" ಅಂತ ಕೂಗಾಡ್ತಾನೆ. ಅಷ್ಟರಲ್ಲಿ ಅತ್ತೆ ಒಳಗಿಂದ ಬಂದು ಒಡವೆ ಪೆಟ್ಟಿಗೆ ಕಾಣ್ತಿಲ್ಲ ಅಂತ ಕಿರುಚ್ತಾಳೆ. ಓದುಗರೆಲ್ಲ ಒಡವೆ ಹಿಂದೆ ಓಡ್ತಾರೆ. ಈಗಷ್ಟೇ ಬಸ್ಸಿಳಿದೋನಿಗೆ ಈ ಮನೇಲಿ ರಾತ್ರಿಯಿಡೀ ಕರೆಂಟ್ ಇರಲಿಲ್ಲ ಅಂತ ಹೆಂಗೆ ಗೊತ್ತು ಅಂತ ನೂರರಲ್ಲಿ ನಾಲ್ಕು ಜನ ಕೇಳ್ಕೋತಾರೆ, ಆ ನಾಲ್ಕು ಜನ ನಿಮ್ಮ ಖಾಯಂ ಓದುಗರಾಗ್ತಾರೆ, ಉಳಿದೋರು ಕೊನೇಲಿ ಹಣೆ ಚಚ್ಕೋತಾರೆ.

ಇನ್ನೊಂದು ಮಾತು. ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ್ರು, ಜನ ಲೈಬ್ರರೀಲಿ ಸರದಿ ಕಾದು ಓದ್ತಿದ್ರು. ಅವ್ರೆಲ್ಲ ಬರೀ ಒಗಟಿಗೆ ಬಂದೋರು ಅಂತ ನಂಗನ್ಸಲ್ಲ, ಪತ್ತೇದಾರ ಪುರುಷೋತ್ತಮನ ಜೊತೆ ಇನ್ನೊಂದು ಸಂಜೆ ಕಳೆಯೋಕೆ ಬಂದೋರು. ನಿಮ್ಮ ಪತ್ತೇದಾರನ ಹೆಸರೇನು ಅಂತ ನೀವು ಪತ್ರದಲ್ಲಿ ಬರೆದೇ ಇಲ್ಲ ನೋಡಿ.

ನಮ್ಮಮ್ಮ ಯಾವ್ದೇ ಲವ್ ಸ್ಟೋರಿ ಕಾದಂಬರಿ ತಗೊಂಡ್ರೂ ಮೊದ್ಲು ಕೊನೇ ಪುಟ ಓದ್ತಾರೆ. ಇಬ್ರೂ ಸೇರ್ತಾರೆ ಅಂತ ಗೊತ್ತಾದ್ಮೇಲೇನೇ ಶುರು ಮಾಡೋದು. ಇದೆಂಥ ಓದು? (ಶಿವಮೊಗ್ಗ)

ಬಹಳ ಬುದ್ಧಿವಂತ ಓದು! ಅಮ್ಮನ್ನ ರೇಗಿಸ್ಬೇಡಿ. ಅಮೆರಿಕದಲ್ಲಿ ಜಾನಿಸ್ ರಾಡ್ವೇ ಅನ್ನೋ ವಿದ್ವಾಂಸೆ ಅಲ್ಲಿನ ಒಂದು ಊರಿನ ರೊಮ್ಯಾನ್ಸ್ ಓದೋ ಹೆಂಗಸರನ್ನ ಮಾತಾಡಿಸಿ 1984ರಲ್ಲಿ ಒಂದು ಪುಸ್ತಕ ಮಾಡಿದ್ರು, ಅಲ್ಲಿಯೋರೂ ಹೇಳಿದ್ದು ಇದನ್ನೇ, ಸುಖಾಂತ ಇರಲೇಬೇಕು ಅಂತ. ಅದಕ್ಕಿಂತ ನಂಗೆ ಹಿಡಿಸಿದ್ದು ಇನ್ನೊಂದು ವಿಷ್ಯ, ಗಂಡ ಮಕ್ಕಳು ಮನೆ ಅಂತ ದಿನವಿಡೀ ದುಡಿಯೋ ನಾವು ಪುಸ್ತಕ ಹಿಡಿದು ಕೂತಾಗ ಆ ಹೊತ್ತು ನಮ್ದು, ಆಗ ಯಾರೂ ನಮ್ಮನ್ನ ಏನೂ ಕೇಳಬಾರದು ಅಂತ ಅವರು ಹೇಳ್ಕೊಂಡಿದ್ದು. ಅಂಥಾ ಕದ್ದು ಮಾಡ್ಕೊಂಡ ಒಂದು ಗಂಟೇನ ಕೊನೇಲಿ ಅಳೋಕೆ ಯಾಕೆ ಖರ್ಚು ಮಾಡ್ಬೇಕು ಹೇಳಿ.

ಕೊನೆ ಗೊತ್ತಾದ್ರೆ ಮಜಾ ಹೋಗುತ್ತೆ ಅನ್ನೋದೂ ಅಷ್ಟೇನೂ ಖಚಿತ ಅಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಇಬ್ಬರು ಮನಃಶಾಸ್ತ್ರಜ್ಞರು ಸಣ್ಣ ಕತೆಗಳ ಕೊನೇನ ಮೊದಲೇ ಹೇಳಿ ಓದಿಸಿ ನೋಡಿದ್ರು, ಹಂಗೆ ಓದಿದೋರೇ ಒಟ್ಟಾರೆ ಸ್ವಲ್ಪ ಜಾಸ್ತಿ ಮೆಚ್ಕೊಂಡ್ರು, ಪತ್ತೇದಾರಿ ಕತೆಗಳಲ್ಲೂ! (ಆಮೇಲೆ ಬೇರೆಯೋರು ಇದಕ್ಕೆ ಉಲ್ಟಾ ಫಲಿತಾಂಶವನ್ನೂ ತೋರಿಸಿದ್ದಾರೆ, ಜಗಳ ಇನ್ನೂ ಮುಗಿದಿಲ್ಲ.) ಇಬ್ರೂ ಸೇರ್ತಾರೆ ಅಂತ ಅಮ್ಮನಿಗೆ ಗೊತ್ತು, ಆದ್ರೆ ಇಂಥಾ ಇಬ್ರು ಹೆಂಗಪ್ಪಾ ಸೇರ್ತಾರೆ ಅನ್ನೋದು ಗೊತ್ತಿಲ್ಲ, ಇನ್ನೂರು ಪುಟ ಓದೋದು ಅದಕ್ಕೆ. ಅಡ್ಡಿ ಗಟ್ಟಿಯಾಗಿರಬೇಕು ಅಷ್ಟೇ. ಒಂದು ಫೋನ್ ಮಾಡಿದ್ರೆ ಬಗೆಹರಿಯೋ ತಪ್ಪು ತಿಳುವಳಿಕೇನ ಹದಿನೆಂಟು ಅಧ್ಯಾಯ ಎಳೆದ್ರೆ ಓದೋರಿಗೆ ಮೈಯೆಲ್ಲಾ ಉರಿಯುತ್ತೆ, ನಂಗಂತೂ ಉರಿಯುತ್ತೆ.

ಹಂಗಂತ ಕನ್ನಡದ ಹೆಣ್ಮಕ್ಕಳು ದುಃಖಾಂತ ಓದಲ್ಲ ಅನ್ಬೇಡಿ. ತ್ರಿವೇಣಿಯವರ 'ಶರಪಂಜರ'ನ ಅತ್ತತ್ತು ಓದಿದ್ದಾರೆ, ಮತ್ತೆ ಮತ್ತೆ ಓದಿದ್ದಾರೆ. ಅದು ಮನಸ್ಸು ಕೆಟ್ಟು ಗುಣವಾಗಿ ಬಂದ ಒಬ್ಬ ಹೆಂಗಸನ್ನ ಮನೆಯೋರು, ಸಮಾಜ ಹೆಂಗೆ ನೋಡುತ್ತೆ ಅನ್ನೋ ಕತೆ, ಪ್ರೀತಿ ಗೆಲ್ಲುತ್ತೆ ಅಂತ ಅದು ಮಾತು ಕೊಟ್ಟೇ ಇರಲಿಲ್ಲ. ಮುಖಪುಟದ ಮೇಲೆ ಗುಲಾಬಿ ಹೂ, ಕೈಕೈ ಹಿಡ್ಕೊಂಡ ಜೋಡಿ ಹಾಕಿ ಕೊನೇಲಿ ನಾಯಕಿನ ಸಾಯಿಸಿದ್ರೆ ಮಾತ್ರ ಪುಸ್ತಕ ಗೋಡೆಗೆ ಹೋಗಿ ಬೀಳುತ್ತೆ.

ಐತಿಹಾಸಿಕ ಕಾದಂಬರಿ ಬರೀಬೇಕು ಅಂತಿದೀನಿ. ಏನಾಯ್ತು ಅಂತ ಎಲ್ರಿಗೂ ಗೊತ್ತಿರೋದ್ರಿಂದ ಕುತೂಹಲ ಹೆಂಗೆ ಹುಟ್ಟಿಸೋದು? (ಹೊಸದುರ್ಗ)

ಹೊಸದುರ್ಗದೋರು ಈ ಪ್ರಶ್ನೆ ಕೇಳ್ತೀರಲ್ಲ! ಪಕ್ಕದ ಚಿತ್ರದುರ್ಗದ ಕತೇನೇ ನೋಡಿ. 1779ರಲ್ಲಿ ಕೋಟೆ ಹೈದರಾಲಿ ಕೈಗೆ ಹೋಯ್ತು ಅಂತ ಯಾರಿಗೆ ಗೊತ್ತಿಲ್ಲ. ತರಾಸು ತಮ್ಮ ಕಾದಂಬರಿಗೆ 'ದುರ್ಗಾಸ್ತಮಾನ' ಅಂತಾನೇ ಹೆಸರಿಟ್ರು, ಕೊನೆ ಏನು ಅಂತ ಹೆಸರಲ್ಲೇ ಹೇಳ್ಬಿಟ್ರು. ಆದ್ರೂ ಆ ದಪ್ಪ ಪುಸ್ತಕ ಕೈಬಿಡಲ್ಲ, ಯಾಕಂದ್ರೆ ಪ್ರತಿ ಸಲಾನೂ ಮದಕರಿ ನಾಯಕ ಒಂದು ನಿರ್ಧಾರ ತಗೊಳ್ಳುವಾಗ ಬೇಡ ಕಣೋ, ಹಂಗ್ ಮಾಡ್ಬೇಡ ಅಂತ ಓದೋರ ಜೀವ ಹೊಯ್ದಾಡುತ್ತೆ. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರೋ ಹೊತ್ತಿಗೆ ತರಾಸು ಇರಲಿಲ್ಲ.

ಈ ಓದುಗರಿಗೆ ಬೇಕಾಗಿರೋದು ಆ ಕಾಲದೊಳಗೆ ಓಡಾಡಿ ಬರೋದು. ರಾಜ ರಾಣಿ ಏನು ಮಾತಾಡ್ಕೊಂಡ್ರು ಅಂತ ನೀವು ಕಟ್ಟಿದ್ರೆ ಯಾರೂ ಬೇಡ ಅನ್ನಲ್ಲ. ಆದ್ರೆ ಹೊಯ್ಸಳರ ಕಾಲದ ಅಡುಗೆಮನೇಲಿ ಮೆಣಸಿನಕಾಯಿ ಚಟ್ನಿ ಅರೆಸಿದ್ರೋ, ಟೊಮ್ಯಾಟೊ ಸಾರು ಕುದಿಸಿದ್ರೋ, ಕೆಟ್ರಿ. ಅವೆಲ್ಲ ಅಮೆರಿಕದ ಕಡೆಯಿಂದ ಯುರೋಪಿನೋರ ಹಡಗಲ್ಲಿ ಬಂದಿದ್ದು, ಪೋರ್ಚುಗೀಸರು ಇಲ್ಲಿಗೆ ಬಂದ ಮೇಲೆ. ಖಾರಕ್ಕೆ ಕಾಳುಮೆಣಸು ಹಾಕಿಸಿ. ಒಂದು ಇಂಥಾ ತಪ್ಪು ಸಿಕ್ಕಿದ್ರೆ ಉಳಿದಿದ್ದನ್ನೂ ಜನ ಅನುಮಾನದಿಂದಲೇ ಓದ್ತಾರೆ.

ದೆವ್ವದ ಕತೇಲಿ ದೆವ್ವನ ತೋರಿಸ್ಬೇಕಾ ಬೇಡ್ವಾ? (ಬೆಂಗಳೂರು)

ಆದಷ್ಟು ತಡವಾಗಿ. ತೊಂಬತ್ತರ ದಶಕದಲ್ಲಿ ನಿಮ್ಮೂರಲ್ಲೇ ಬಾಗಿಲು ಬಾಗಿಲಿಗೆ 'ನಾಳೆ ಬಾ' ಅಂತ ಬರೆದಿದ್ರಲ್ಲ, ಆ ದೆವ್ವನ ಕಣ್ಣಾರೆ ಕಂಡೋರು ಯಾರು? ನಮ್ಮೋರ ದನೀಲೇ ಹೆಸರು ಹಿಡಿದು ಕರೆಯುತ್ತಂತೆ ಅನ್ನೋದಷ್ಟೇ ಸಾಕಾಗಿತ್ತು, ಹೊರಗಿಂದ ಅಮ್ಮ ಕರೆದ್ರೂ ಬಾಗಿಲು ತೆಗಿಯೋಕೆ ಭಯ. ಬಿಳಿ ಸೀರೆ, ಬಿಟ್ಟ ಕೂದಲು ಯಾರಿಗೂ ಈಗ ಬೇಕಾಗಿಲ್ಲ.

ಒಂದೇ ಕಾದಂಬರೀಲಿ ಲವ್, ಪತ್ತೇದಾರಿ, ದೆವ್ವ ಮೂರೂ ಇಟ್ರೆ ಮೂರೂ ಥರದ ಓದುಗರು ಸಿಗ್ತಾರಲ್ವಾ? (ಮಂಡ್ಯ)

ಮೂರೂ ಥರದೋರು ಬಂದು ಮೂರೂ ಥರದೋರು ಬೈದು ಹೋಗೋ ಸಾಧ್ಯತೆಯೂ ಇದೆ! ಬೆರೆಸಬಾರದು ಅಂತೇನಿಲ್ಲ. ತೇಜಸ್ವಿಯವರ 'ಜುಗಾರಿ ಕ್ರಾಸ್'ನಲ್ಲಿ ಏಲಕ್ಕಿ ವ್ಯಾಪಾರ ಇದೆ, ಕಾಡಿನ ಕಳ್ಳದಂಧೆ ಇದೆ, ಹಳೇ ಕನ್ನಡ ಕಾವ್ಯದ ಒಗಟು ಇದೆ, ಮಲೆನಾಡಿನ ಮಳೆ ಕಾಡು ಎಲ್ಲಾ ಇದೆ, ಆದ್ರೂ ಓದೋವಾಗ ಸುರೇಶ ಗೌರಿ ಗಂಡ ಹೆಂಡ್ತಿ ಈ ಗಂಡಾಂತರದಿಂದ ಪಾರಾಗ್ತಾರಾ ಇಲ್ವಾ ಅನ್ನೋ ದಾರ ಮಾತ್ರ ಕೈಯಿಂದ ಜಾರಲ್ಲ. ನಿಮ್ಮ ಮೊದಲ ಅಧ್ಯಾಯದಲ್ಲಿ ಹೆಣ ಬಿದ್ದಿದ್ರೆ ಕೊನೇ ಅಧ್ಯಾಯ ಕೊಂದೋರ ಬಗ್ಗೆ ಇರ್ಲಿ, ಹುಡುಗ ಹುಡುಗಿ ಜಗಳ ಆಡ್ತಾ ಶುರುವಾಗಿದ್ರೆ ಅವರ ಬಗ್ಗೆ ಇರ್ಲಿ. ನೀವು ಕಳಿಸಿರೋ ಸಾರಾಂಶದಲ್ಲಿ ಕತೆ ಹೆಣದಿಂದ ಶುರುವಾಗಿ ಮದುವೆ ಮಂಟಪದಲ್ಲಿ ಮುಗಿಯುತ್ತೆ, ಕೊಂದೋನು ಯಾರು ಅಂತ ಊಟದ ಪಂಕ್ತೀಲಿ ಯಾರೋ ಒಬ್ರು ಹೇಳ್ಬಿಡ್ತಾರೆ. ಅದನ್ನ ತಿರುಗಿಸಿ ಬರೀರಿ, ಮದುವೆ ಊಟದ ಹೊತ್ತಿಗೆ ಎಲ್ರಿಗೂ ಗೊತ್ತಾಗಿರ್ಲಿ. ದೆವ್ವನ ಸದ್ಯಕ್ಕೆ ಮುಂದಿನ ಪುಸ್ತಕಕ್ಕೆ ಇಟ್ಕೊಳ್ಳಿ.