ಕೊಡಗಿನ ಮೀನುಕೆರೆಯ ಏರೇಟರ್‌ಗೆ ಎಷ್ಟು ಸೋಲಾರ್ ಬೇಕು?

ಮಡಿಕೇರಿ ಬಳಿಯ ಕಾಫಿ ತೋಟದಲ್ಲಿ ಕಾಟ್ಲಾ, ರೋಹು ಸಾಕಿರುವ ಸಣ್ಣ ಕೆರೆಗೆ 1 ಅಶ್ವಶಕ್ತಿಯ ಏರೇಟರನ್ನು (ನೀರಿಗೆ ಗಾಳಿ ಬೆರೆಸುವ ಯಂತ್ರ) ಸೋಲಾರ್‌ನಿಂದ ನಡೆಸುವ ಬಗ್ಗೆ ಕೇಳಿದ್ದೀರಿ.

ಲೆಕ್ಕ ರಾತ್ರಿಯಿಂದ ಆರಂಭವಾಗಬೇಕು. ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿಯೇ ಕತ್ತಲಾದ ಮೇಲೆ ಮೀನಿನ ಜೊತೆಗೆ ಅದನ್ನು ಬಳಸತೊಡಗುವುದರಿಂದ, ಬೆಳಗಿನ ಜಾವದ ಹೊತ್ತಿಗೆ ನೀರಿನ ಆಮ್ಲಜನಕ ಕನಿಷ್ಠ ಮಟ್ಟಕ್ಕೆ ಇಳಿದು ಮೀನುಗಳು ಬಾಯಿ ತೆರೆದು ಮೇಲಕ್ಕೆ ಬರುತ್ತವೆ. ಹಾಗಾಗಿ ಬ್ಯಾಟರಿ ಅನಿವಾರ್ಯ.

ಈ ಮೋಟಾರು ಸುಮಾರು 1 ಕಿಲೋವ್ಯಾಟ್ ಎಳೆಯುತ್ತದೆ. ರಾತ್ರಿ 8 ಗಂಟೆ ಓಡಿದರೆ 8 ಯೂನಿಟ್. ಶೇ 80ರಷ್ಟು ಬಳಸಬಹುದಾದ ಲಿಥಿಯಂ ಬ್ಯಾಟರಿಯಾದರೆ 10 ಯೂನಿಟ್ ಸಾಮರ್ಥ್ಯ ಸಾಕು, ಅರ್ಧದಷ್ಟೇ ಖಾಲಿ ಮಾಡಬೇಕಾದ ಸೀಸದ ಬ್ಯಾಟರಿಯಾದರೆ 16 ಬೇಕು.

ಇನ್ನು ಪ್ಯಾನಲ್. ಶೇ 30ರಷ್ಟು ನಷ್ಟವನ್ನು ಕಳೆದು, ದಿನಕ್ಕೆ ನಾಲ್ಕೂವರೆ ಗಂಟೆಯ ಪೂರ್ಣ ಬಿಸಿಲು ಹಿಡಿದರೆ ಸುಮಾರು ಎರಡೂವರೆ ಕಿಲೋವ್ಯಾಟ್ ಸಾಕಾಗುತ್ತದೆ. ಜುಲೈನ ಮಳೆಗಾಲಕ್ಕೆಂದು ಎರಡೇ ಗಂಟೆ ಹಿಡಿದರೆ ಅದು 6 ಕಿಲೋವ್ಯಾಟ್ ಸಮೀಪಿಸುತ್ತದೆ. ನಾಲ್ಕು ತಿಂಗಳಿಗಾಗಿ ಇಮ್ಮಡಿ ಪ್ಯಾನಲ್ ಕೊಳ್ಳುವುದಕ್ಕಿಂತ 3 ಕಿಲೋವ್ಯಾಟ್ ಹಾಕಿ, ಮಳೆಗಾಲಕ್ಕೆ ವಿದ್ಯುತ್ ಸಂಪರ್ಕ ಮತ್ತು ಸಣ್ಣ ಜನರೇಟರ್ ಇಟ್ಟುಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಮೋಡದ ದಿನಗಳಲ್ಲಿ ಪಾಚಿಯ ಆಮ್ಲಜನಕವೂ ಕುಗ್ಗುತ್ತದೆ, ಆಗಲೇ ಏರೇಟರ್ ನಿಲ್ಲಬಾರದು.

ಮೋಟಾರು ಹೊರಡುವಾಗ ಹಲವು ಪಟ್ಟು ವಿದ್ಯುತ್ ಎಳೆಯುವುದರಿಂದ ಇನ್ವರ್ಟರ್ ಕನಿಷ್ಠ 3 ಕೆವಿಎ ಇರಲಿ. ಆ ಕ್ಷಣದ ಹೊರೆ ತಾಳುತ್ತದೆಯೇ ಎಂದು ಕೊಳ್ಳುವ ಮೊದಲು ಖಚಿತಪಡಿಸಿಕೊಳ್ಳಿ. ಪ್ಯಾನಲ್‌ಗಳ ಮೇಲೆ ಸಿಲ್ವರ್ ಓಕ್ ಮರಗಳ ನೆರಳು ಬೀಳದ ಜಾಗವನ್ನೇ ಆರಿಸಿ.