ಮರೆವಿನ ಕಾಯಿಲೆಯ ಹಿರಿಯರು ಕಾಣೆಯಾದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮಾವನವರಿಗೆ 78 ವರ್ಷ. ಕೆಲವು ವರ್ಷಗಳಿಂದ ಡಿಮೆನ್ಶಿಯಾ ಇದೆ. ಒಮ್ಮೆ ಬೆಳಗಿನ ಜಾವ ಒಬ್ಬರೇ ಹೊರಟು, ಪರಿಚಿತರ ಕಣ್ಣಿಗೆ ಬಿದ್ದದ್ದರಿಂದ ಮನೆ ಸೇರಿದರು. ಹಿರಿಯರು ಕಾಣೆಯಾದರೆ ‘ಸಿಲ್ವರ್ ಅಲರ್ಟ್’ ಹೊರಡಿಸಿ ಹೆದ್ದಾರಿಯ ಫಲಕಗಳಲ್ಲೂ ತೋರಿಸುತ್ತಾರೆಂದು ಫ್ಲೋರಿಡಾದಲ್ಲಿರುವ ನನ್ನ ಮೈದುನ ಹೇಳುತ್ತಾನೆ. ನಮ್ಮಲ್ಲಿ ಅಂಥದ್ದು ಇದೆಯೇ? ಇಲ್ಲದಿದ್ದರೆ ನಾವು ಏನು ಮಾಡಬೇಕು?
– ಓದುಗರು, ಶಿವಮೊಗ್ಗ

ಉತ್ತರ: ಆ ಹೆಸರಿನ ಅಥವಾ ಅದಕ್ಕೆ ಸಮನಾದ ಪ್ರತ್ಯೇಕ ವ್ಯವಸ್ಥೆ ನಮ್ಮಲ್ಲಿಲ್ಲ. ವಯಸ್ಕರು ಕಾಣೆಯಾದರೆ ಠಾಣೆಯಲ್ಲಿ ಪ್ರಕರಣ ದಾಖಲಾಗಿ, ‘ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು’ ಎಂಬ ವಿವರಗಳುಳ್ಳ ಪ್ರಕಟಣೆ ಹೊರಡುತ್ತದೆ. ಅದು ಪತ್ರಿಕೆಯಲ್ಲಿ ಅಚ್ಚಾಗಿ ಬರುವ ವೇಳೆಗೆ, ಡಿಮೆನ್ಶಿಯಾ ಇರುವವರ ಮಟ್ಟಿಗೆ ನಿರ್ಣಾಯಕವಾದ ಮೊದಲ ಕೆಲವು ಗಂಟೆಗಳು ಕಳೆದುಹೋಗಿರುತ್ತವೆ.

ಹಾಗೆಂದು ಫ್ಲೋರಿಡಾದ ಮಾದರಿಯನ್ನು ಇದ್ದ ಹಾಗೆಯೇ ಇಲ್ಲಿಗೆ ತಂದರೆ ಹೆಚ್ಚು ಪ್ರಯೋಜನವಾಗುತ್ತದೆಂದು ನನಗೆ ಅನಿಸುವುದಿಲ್ಲ. 1996ರಲ್ಲಿ ಟೆಕ್ಸಾಸ್‌ನಲ್ಲಿ ಅಪಹೃತ ಮಕ್ಕಳಿಗಾಗಿ ಆರಂಭವಾದ ‘ಆಂಬರ್ ಅಲರ್ಟ್’ ಅನ್ನು ಅನುಸರಿಸಿ, ಆ ಬಳಿಕದ ದಶಕದಲ್ಲಿ ಅಮೆರಿಕದ ರಾಜ್ಯಗಳು ಒಂದೊಂದಾಗಿ ಹಿರಿಯರಿಗೂ ಇಂಥ ವ್ಯವಸ್ಥೆ ಮಾಡಿಕೊಂಡವು. ಫ್ಲೋರಿಡಾದಲ್ಲಿ ಇದು ಬಂದದ್ದು 2008ರಲ್ಲಿ. ಅಲ್ಲಿ ರಾಜ್ಯಮಟ್ಟದ ಸೂಚನೆ ಹೊರಡುವುದು ಕಾಣೆಯಾದವರು ಕಾರು ಓಡಿಸಿಕೊಂಡು ಹೋಗಿದ್ದು, ಆ ಕಾರಿನ ನೋಂದಣಿ ಸಂಖ್ಯೆ ತಿಳಿದಿದ್ದರೆ ಮಾತ್ರ. ಹೆದ್ದಾರಿಯ ಫಲಕದಲ್ಲಿ ಕಾಣುವುದೂ ಕಾರಿನ ವಿವರವೇ. ನಡೆದುಕೊಂಡು ಹೋದವರ ಸೂಚನೆ ಸ್ಥಳೀಯ ಮಟ್ಟದಲ್ಲೇ ಉಳಿಯುತ್ತದೆ. ನಮ್ಮ ಹಿರಿಯರಲ್ಲಿ ಹೆಚ್ಚಿನವರು ನಡೆದೇ ಹೋಗುತ್ತಾರೆ, ಇಲ್ಲವೇ ಎದುರಿಗೆ ಬಂದ ಬಸ್ಸು ಹತ್ತುತ್ತಾರೆ.

ನಮಗೆ ಹೆಚ್ಚು ಹೊಂದುವ ಮಾದರಿಗಳು ಏಷ್ಯಾದಲ್ಲೇ ಇವೆ. ಜಪಾನಿನ ಹೊಕ್ಕೈಡೊ ದ್ವೀಪದ ಕುಶಿರೊ ಪ್ರದೇಶದಲ್ಲಿ 1994ರಲ್ಲಿ ‘ಎಸ್‌ಒಎಸ್ ನೆಟ್‌ವರ್ಕ್’ ಆರಂಭವಾಯಿತು. ಪೊಲೀಸರ ಜೊತೆಗೆ ಟ್ಯಾಕ್ಸಿ ಕಂಪನಿಗಳು, ಪೆಟ್ರೋಲ್ ಬಂಕ್‌ಗಳು, ಸ್ಥಳೀಯ ರೇಡಿಯೊ ಮುಂತಾದವು ಮೊದಲೇ ಒಪ್ಪಂದ ಮಾಡಿಕೊಂಡಿದ್ದು, ಕರೆ ಬಂದ ಕೂಡಲೇ ತಮ್ಮ ತಮ್ಮ ಸುತ್ತಲಲ್ಲಿ ಕಣ್ಣಿಡುತ್ತವೆ. ಅಲ್ಲಿನ ಅನೇಕ ಊರುಗಳಲ್ಲಿ ಭೂಕಂಪ, ಸುನಾಮಿಯ ಎಚ್ಚರಿಕೆಗೆಂದು ನೆಟ್ಟಿರುವ ಧ್ವನಿವರ್ಧಕಗಳಲ್ಲೇ ಕಾಣೆಯಾದ ಹಿರಿಯರ ವಯಸ್ಸನ್ನೂ ಉಟ್ಟ ಬಟ್ಟೆಯನ್ನೂ ಸಾರುತ್ತಾರೆ. ಇಷ್ಟಿದ್ದರೂ 2023ರಲ್ಲಿ ಡಿಮೆನ್ಶಿಯಾದಿಂದ ಕಾಣೆಯಾದರೆಂದು ಜಪಾನಿನ ಪೊಲೀಸರಿಗೆ ಬಂದ ದೂರುಗಳು 19,000ಕ್ಕೂ ಹೆಚ್ಚು ಎಂಬುದನ್ನು ನೋಡಿದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. ದಕ್ಷಿಣ ಕೊರಿಯಾದಲ್ಲಿ 2021ರಿಂದ ಮಕ್ಕಳು, ಬೌದ್ಧಿಕ ಅಂಗವೈಕಲ್ಯವುಳ್ಳವರು ಮತ್ತು ಡಿಮೆನ್ಶಿಯಾ ಇರುವವರು ಕಾಣೆಯಾದಾಗ ಆ ಪ್ರದೇಶದ ಮೊಬೈಲ್‌ಗಳಿಗೆ ಪೊಲೀಸರ ಸಂದೇಶ ಹೋಗುತ್ತದೆ. ನಮ್ಮಲ್ಲೂ ತಂತ್ರಜ್ಞಾನದ ಕೊರತೆ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಫೋನುಗಳೆಲ್ಲ ಒಮ್ಮೆಲೇ ಕಿರುಚಿ ಜನರನ್ನು ಬೆಚ್ಚಿಬೀಳಿಸಿದ್ದು ನಿಮಗೆ ನೆನಪಿರಬಹುದು. ವಿಪತ್ತಿನ ಎಚ್ಚರಿಕೆಗಾಗಿ ನಡೆದ ಆ ಪರೀಕ್ಷೆಯ ತಂತ್ರದಿಂದ ಆಯ್ದ ಪ್ರದೇಶದ ಟವರ್‌ಗಳ ವ್ಯಾಪ್ತಿಗೆ ಮಾತ್ರ ಸಂದೇಶ ಕಳುಹಿಸಲು ಸಾಧ್ಯವಿದೆ. ಆದರೆ ಇಡೀ ಜಿಲ್ಲೆಗೆ ದಿನವೂ ಕಿರುಚುವ ಸಂದೇಶವನ್ನು ಯಾರೂ ಓದುವುದಿಲ್ಲವಾದ್ದರಿಂದ, ವ್ಯಾಪ್ತಿ ಕಿರಿದಾದಷ್ಟೂ ಒಳ್ಳೆಯದು.

ಆ ವ್ಯವಸ್ಥೆ ಬರುವವರೆಗೆ ಕುಟುಂಬವೇ ಸಿದ್ಧವಾಗಿರಬೇಕು. ಬ್ರಿಟನ್ನಿನ ಪೊಲೀಸರು ‘ಹರ್ಬರ್ಟ್ ಪ್ರೋಟೋಕಾಲ್’ ಎಂಬ ನಮೂನೆಯನ್ನು ಬಳಸುತ್ತಾರೆ. ನಾರ್ಮಂಡಿ ಯುದ್ಧದಲ್ಲಿ ಪಾಲ್ಗೊಂಡು, ಮುಂದೆ ಡಿಮೆನ್ಶಿಯಾಕ್ಕೆ ಒಳಗಾದ ಜಾರ್ಜ್ ಹರ್ಬರ್ಟ್ ಎಂಬ ಮಾಜಿ ಸೈನಿಕರ ಹೆಸರು ಅದಕ್ಕಿದೆ. ಕಾಣೆಯಾಗುವ ಮೊದಲೇ ಇದನ್ನು ತುಂಬಿಡುವುದು ಅದರ ಮುಖ್ಯ ಗುಣ. ನೀವೂ ಒಂದು ಹಾಳೆಯಲ್ಲಿ ಮಾವನವರ ಇತ್ತೀಚಿನ ಪೂರ್ಣ ಎತ್ತರದ ಚಿತ್ರ, ಔಷಧಿಗಳು, ಅವರು ಓಗೊಡುವ ಮನೆಯ ಹೆಸರು, ಹಿಂದೆ ವಾಸವಿದ್ದ ಮನೆಗಳು, ಕೆಲಸ ಮಾಡಿದ ಕಚೇರಿ, ನಿತ್ಯ ಹೋಗುತ್ತಿದ್ದ ದೇವಸ್ಥಾನ, ಹುಟ್ಟಿದೂರಿನ ಬಸ್ಸು ಹೊರಡುವ ನಿಲ್ದಾಣ ಇವೆಲ್ಲವನ್ನೂ ಬರೆದಿಡಿ. ‘ಮನೆಗೆ ಹೋಗಬೇಕು’ ಎಂದು ಮನೆಯಲ್ಲಿ ಕುಳಿತೇ ಹೇಳುವವರು ಹುಡುಕುವುದು ಬಹಳಷ್ಟು ಸಲ ಬಾಲ್ಯದ ಮನೆಯನ್ನು. ಅಂಗಿಯ ಒಳಕಾಲರಿಗೆ ಫೋನ್ ಸಂಖ್ಯೆಯ ಪಟ್ಟಿ ಹೊಲಿಸಿ. ಜೇಬಿನ ಚೀಟಿ ಬಿದ್ದುಹೋಗುತ್ತದೆ, ಮೊಬೈಲ್ ಮನೆಯಲ್ಲೇ ಉಳಿಯುತ್ತದೆ.

ಕಾಣೆಯಾದ ಮೇಲೆ 24 ಗಂಟೆ ಕಾಯಬೇಕೆಂಬ ನಿಯಮ ಇಲ್ಲ. ಮನೆ, ಶೌಚಾಲಯ, ಮಹಡಿ, ಹಿತ್ತಲು ನೋಡಿ ಹದಿನೈದು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಕರೆ ಮಾಡಿ. ‘ಮರೆವಿನ ಕಾಯಿಲೆ ಇದೆ, ಸ್ವತಃ ಹಿಂತಿರುಗಲಾರರು’ ಎಂದು ಸ್ಪಷ್ಟವಾಗಿ ಹೇಳದಿದ್ದರೆ, ದೊಡ್ಡವರು ತಾವೇ ಬಂದಾರು ಎಂಬ ಉತ್ತರ ಸಿಗಬಹುದು. ಇವರು ಹೆಸರು ಹಿಡಿದು ಕೂಗಿದರೂ ಓಗೊಡದಿರಬಹುದು. ದಾರಿ ಮುಗಿದಲ್ಲಿ ತಿರುಗಿ ಬರುವ ಬದಲು ಪೊದೆ, ಚರಂಡಿ, ತೋಟದ ಬೇಲಿಯೊಳಗೆ ನುಗ್ಗಿ ಸಿಕ್ಕಿಕೊಳ್ಳುವುದುಂಟು. ಆದ್ದರಿಂದ ರಸ್ತೆಯಲ್ಲಿ ವಾಹನ ಓಡಿಸಿ ಹುಡುಕಿದರೆ ಸಾಲದು, ಹತ್ತಿರದ ಕೆರೆ ದಂಡೆ, ಖಾಲಿ ನಿವೇಶನ, ಕಟ್ಟುತ್ತಿರುವ ಕಟ್ಟಡಗಳನ್ನು ಕಾಲ್ನಡಿಗೆಯಲ್ಲೇ ನೋಡಬೇಕು. ಬೀದಿಗೆಲ್ಲ ಹಾಡು ಹಾಕಿಕೊಂಡು ಬರುವ ಕಸದ ಗಾಡಿಯ ಮೈಕನ್ನು ಈ ಕೆಲಸಕ್ಕೆ ಬಳಸಲು ನಗರಸಭೆ, ಪಂಚಾಯಿತಿಗಳು ಮನಸ್ಸು ಮಾಡಿದರೆ ಖರ್ಚೂ ಹೆಚ್ಚಾಗುವುದಿಲ್ಲ.

ಪ್ರಶ್ನೆ: ನಮ್ಮ ತಾಯಿ ಕಾಣೆಯಾಗಿದ್ದಾಗ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ ಸಂದೇಶ, ಅವರು ಮನೆಗೆ ಮರಳಿ ವರ್ಷ ಕಳೆದರೂ ಸುತ್ತುತ್ತಲೇ ಇದೆ. ‘ನಿಮ್ಮ ತಾಯಿ ನಮ್ಮಲ್ಲಿದ್ದಾರೆ, ಹಣ ಕಳುಹಿಸಿ’ ಎಂಬ ಕರೆಯೂ ಬಂದಿತ್ತು. ಇದನ್ನು ತಡೆಯುವುದು ಹೇಗೆ?
– ಓದುಗರು, ಹಾಸನ

ಉತ್ತರ: ಹರಡಿದ ಸಂದೇಶವನ್ನು ಪೂರ್ತಿಯಾಗಿ ಹಿಂಪಡೆಯಲಾಗದು. ಅದೇ ಚಿತ್ರದ ಮೇಲೆ ದೊಡ್ಡದಾಗಿ ‘ಸಿಕ್ಕಿದ್ದಾರೆ’ ಎಂದು ದಿನಾಂಕದೊಡನೆ ಬರೆದು ಅವೇ ಗುಂಪುಗಳಿಗೆ ಮತ್ತೆ ಕಳುಹಿಸಿ. ಇಂಥ ಸಂದೇಶ ಬರೆಯುವ ಇತರ ಓದುಗರು ಗಮನಿಸಬೇಕು: ದಿನಾಂಕ, ಕಾಣೆಯಾದ ಸ್ಥಳ ಮತ್ತು ಠಾಣೆಯ ದೂರವಾಣಿ ಸಂಖ್ಯೆಗಳನ್ನು ಚಿತ್ರದ ಮೇಲೆಯೇ ಬರೆಯಿರಿ, ಏಕೆಂದರೆ ಕೆಳಗಿನ ಬರಹ ಚಿತ್ರದಿಂದ ಬೇರೆಯಾಗಿಬಿಡುತ್ತದೆ. ಮನೆಯ ವಿಳಾಸ ಬೇಡ. ಮಚ್ಚೆ, ಹಳೆಯ ಗಾಯದ ಗುರುತು ಮುಂತಾದವುಗಳಲ್ಲಿ ಒಂದನ್ನಾದರೂ ಬರೆಯದೆ ಉಳಿಸಿಕೊಳ್ಳಿ. ಹಣ ಕೇಳುವವರಿಗೆ ಆ ಗುರುತು ಯಾವುದೆಂದು ಕೇಳಿ, ಉತ್ತರ ಬರದಿದ್ದರೆ ಸಂಖ್ಯೆಯನ್ನು ಪೊಲೀಸರಿಗೆ ಕೊಡಿ. ‘ಮಾನಸಿಕ ಅಸ್ವಸ್ಥೆ’ ಎಂದು ಬರೆದರೆ ಜನ ಹೆದರಿ ದೂರ ಸರಿಯುತ್ತಾರೆ. ಅದರ ಬದಲು ‘ಮರೆವಿನ ಕಾಯಿಲೆ ಇದೆ, ಗದರಿಸದೆ ಕೂರಿಸಿ, ನೀರು ಕೊಟ್ಟು, ಈ ಸಂಖ್ಯೆಗೆ ತಿಳಿಸಿ’ ಎಂದು ಬರೆದರೆ ಓದಿದವರಿಗೆ ಏನು ಮಾಡಬೇಕೆಂಬುದೂ ತಿಳಿಯುತ್ತದೆ.

ಪ್ರಶ್ನೆ: ತಂದೆಯವರು ಹೊರಗೆ ಹೋಗದಂತೆ ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋಗಬಹುದೇ?
– ಓದುಗರು, ಬೆಂಗಳೂರು

ಉತ್ತರ: ಬೇಡ. ಬೆಂಕಿ ಬಿದ್ದರೆ, ಗ್ಯಾಸ್ ಸೋರಿದರೆ ಅವರು ಹೊರಬರಲಾರರು. ಮನೆಯಲ್ಲಿ ಯಾರಾದರೂ ಇರುವಾಗ ಬಾಗಿಲಿಗೆ ತೆರೆದೊಡನೆ ಸದ್ದು ಮಾಡುವ ಗಂಟೆ ಸಾಕು. ಒಬ್ಬರೇ ಇರುವ ಸಮಯಕ್ಕೆ ಜೊತೆಗಾರರನ್ನು ಗೊತ್ತುಮಾಡಿ, ಅಥವಾ ಹಗಲು ಆರೈಕೆ ಕೇಂದ್ರಕ್ಕೆ ಸೇರಿಸಿ. ಇದರ ಬಗ್ಗೆ ಮಾಹಿತಿಗೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.