ಹರಳು ಕೂರಿಸಿದ ಪದಕಕ್ಕೆ ಬೆಂಕಿ ತೋರಿಸಬೇಡಿ

ಕೊಕ್ಕೆ ಕಳಚಿದ ಬೆಳ್ಳಿ ಪದಕದ ಚಿತ್ರ ಹಾಕಿ, ಕೆಂಪು ಹರಳಿಗೆ ಒದ್ದೆ ಹತ್ತಿ ಸುತ್ತಿ ಹಾಗೆಯೇ ಬೆಸೆಯುತ್ತೇನೆ, ಕಪ್ಪಾದರೆ ಹುಣಸೆ ನೀರಿನಲ್ಲಿ ಕುದಿಸುತ್ತೇನೆ ಎಂದು ಬರೆದಿರುವ ಸದಸ್ಯರಲ್ಲಿ ನನ್ನ ವಿನಂತಿ: ದಯವಿಟ್ಟು ಇವತ್ತು ಬೆಸುಗೆಯ ಗ್ಯಾಸ್ ಟಾರ್ಚ್ ಹಚ್ಚಬೇಡಿ. ಆರು ವರ್ಷಗಳ ಹಿಂದೆ ನಾನು ಇದೇ ಕ್ರಮದಲ್ಲಿ ಇದೇ ತಪ್ಪು ಮಾಡಿ ಬೇರೆಯವರ ಹರಳನ್ನು ಹಾಳು ಮಾಡಿದ್ದೇನೆ.

ಬೆಳ್ಳಿಯಷ್ಟು ಬೇಗ ಶಾಖ ಹರಿಸುವ ಲೋಹ ಬೇರೊಂದಿಲ್ಲ. ಒಂದು ಮೂಲೆಯನ್ನು ಮಾತ್ರ ಕಾಯಿಸಿ ಬೆಸೆಯಲು ಅದು ಬಿಡುವುದಿಲ್ಲ. ಕಡಿಮೆ ಶಾಖಕ್ಕೆ ಕರಗುವ ‘ಈಸಿ’ ಬೆಸುಗೆ ಹರಿಯಲಿಕ್ಕೂ ಸುಮಾರು 700 ಡಿಗ್ರಿ ಸೆಲ್ಸಿಯಸ್ ಬೇಕು, ಅಷ್ಟು ಹೊತ್ತಿಗೆ ಇಡೀ ಪದಕ ಕಾದಿರುತ್ತದೆ. ಹತ್ತಿ ಒದ್ದೆಯಾಗಿರುವವರೆಗೆ ಬೆಸುಗೆ ಕರಗುವುದಿಲ್ಲ, ಹತ್ತಿ ಒಣಗಿದ ಮೇಲೆ ಹರಳು ಉಳಿಯುವುದಿಲ್ಲ.

ನಾನು ಕೆಡಿಸಿದ್ದು ನಂಜನಗೂಡಿನ ಪರಿಚಯದವರೊಬ್ಬರು ಪ್ರವಾಸಕ್ಕೆ ಹೋದಲ್ಲಿ ಕೊಂಡು ತಂದಿದ್ದ ಸುಮಾರು 4 ಕ್ಯಾರೆಟ್‌ನ ಮಾಣಿಕ್ಯವನ್ನು. ಬೆಜೆಲ್, ಅಂದರೆ ಹರಳನ್ನು ಸುತ್ತಲೂ ಹಿಡಿದಿಡುವ ಲೋಹದ ಪಟ್ಟಿ, ಮುಚ್ಚಿ, ಪಾಲಿಶ್ ಮಾಡಿ, ಕೊನೆಗೆ ಕೊಕ್ಕೆ ಸಡಿಲವಿರುವುದನ್ನು ಕಂಡು, ಮಾಣಿಕ್ಯವಲ್ಲವೇ, ತಡೆದೀತು ಎಂದು ಬೆಸುಗೆ ಹರಿಯಲು ಬಿಳಿಗಾರ ಹಚ್ಚಿ ಕಾಯಿಸಿದೆ, ಆರಿದ ಮೇಲೆ ಕಪ್ಪು ಹೋಗಲೆಂದು ಬಿಸಿ ಪಟಿಕದ ನೀರಿನಲ್ಲಿ ಬಿಟ್ಟೆ. ಬೆಳಿಗ್ಗೆ ತೆಗೆದು ನೋಡಿದರೆ ಹರಳಿನ ಮುಖದ ತುಂಬ, ನೀರು ಬತ್ತಿದ ಕೆರೆಯಂಗಳ ಒಡೆದಂತೆ, ಬಿಳಿ ಗೆರೆಗಳ ಬಲೆ ಹರಡಿತ್ತು. ಬೆಜೆಲ್ ಬಿಡಿಸಲು ಸ್ವಲ್ಪ ಒತ್ತಿದ್ದೇ ತಡ, ಒಂದು ಮೂಲೆ ಚಕ್ಕೆಯಾಗಿ ಎದ್ದುಬಂತು. ಅದು ಬಿರುಕುಗಳ ತುಂಬ ಸೀಸದ ಗಾಜು ತುಂಬಿಸಿದ ಮಾಣಿಕ್ಯವಾಗಿತ್ತು. 2004ರ ಆಚೀಚೆಯಿಂದ ಇಂಥ ಹರಳು ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತಿದೆ. ಆ ಗಾಜನ್ನು ಬೆಂಕಿ ಮಾತ್ರವಲ್ಲ, ನಿಂಬೆರಸವೂ ತಿನ್ನುತ್ತದೆ. ಇನ್ನು ಬಿಳಿಗಾರ ಕಾದರೆ ಗಾಜು ತುಂಬಿಸದ ಅಪ್ಪಟ ಮಾಣಿಕ್ಯದ ಹೊಳಪನ್ನೂ ಕೆಡಿಸುತ್ತದೆ. ಆದ್ದರಿಂದ ನಿಮ್ಮದು ಎಷ್ಟೇ ಒಳ್ಳೆಯ ಹರಳಾಗಿದ್ದರೂ ನನ್ನ ಮಾತು ಬದಲಾಗುವುದಿಲ್ಲ.

ಹರಳಿನ ಪರೀಕ್ಷೆಗೆ ನಾನು ನೆಚ್ಚಿಕೊಂಡಿರುವುದು 10 ಪಟ್ಟಿನ ಭೂತಗನ್ನಡಿ ಮತ್ತು 0.01 ಗ್ರಾಂ ತೋರಿಸುವ ತಕ್ಕಡಿ. ಹರಳನ್ನು ಒಣದಾಗಿ ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತಂದು, ಹರಳನ್ನು ಸಣ್ಣ ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಆಗ ತೋರಿಸುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿದರೆ ಮಾಣಿಕ್ಯಕ್ಕೆ 4ರ ಹತ್ತಿರ, ಮಾಣಿಕ್ಯದಂತೆಯೇ ಕಾಣುವ ಸ್ಪಿನೆಲ್ ಹರಳಿಗೆ 3.6, ಸಾಧಾರಣ ಗಾಜಿಗೆ 2.5ರ ಆಸುಪಾಸು ಬರುತ್ತದೆ. ಗಾರ್ನೆಟ್ ಎಂಬ ಕೆಂಪು ಹರಳುಗಳಲ್ಲಿ ಕೆಲವೂ 4ರ ಬಳಿಯೇ ಬರುತ್ತವೆ, 2 ಕ್ಯಾರೆಟ್‌ಗಿಂತ ಚಿಕ್ಕ ಹರಳಿನಲ್ಲಿ ಈ ಲೆಕ್ಕವನ್ನು ನಂಬುವಂತಿಲ್ಲ, ಮತ್ತು ಗಾಜು ತುಂಬಿಸಿದ್ದನ್ನು ತಕ್ಕಡಿ ಹಿಡಿದುಕೊಡುವುದಿಲ್ಲ. ಅದಕ್ಕೆ ಭೂತಗನ್ನಡಿಯೇ ಬೇಕು. ದೀಪದ ಕೆಳಗೆ ಹರಳನ್ನು ನಿಧಾನವಾಗಿ ತಿರುಗಿಸುವಾಗ ಬಿರುಕಿನೊಳಗೆ ನೀಲಿ ಅಥವಾ ಕಿತ್ತಳೆ ಮಿಂಚು ಕಂಡರೆ, ಚಪ್ಪಟೆ ಗುಳ್ಳೆಗಳು ಕಂಡರೆ, ಅದು ತುಂಬಿಸಿದ ಹರಳು. ಮೈಸೂರಿನ ಅಶೋಕ ರಸ್ತೆಯ ಅಂಗಡಿಗಳಲ್ಲಿ ಕೊಳ್ಳಿರಿ, ಆನ್‌ಲೈನ್‌ನಲ್ಲಿ ಕೊಳ್ಳಿರಿ, ‘ಟ್ರೀಟ್‌ಮೆಂಟ್ ಏನಾಗಿದೆ’ ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕೇಳಲು ಸಂಕೋಚಪಡುವವರು ಬೇರೆಯವರ ಹರಳನ್ನು ಕೆಲಸಕ್ಕೆ ತೆಗೆದುಕೊಳ್ಳಲೇಬಾರದು. ಕೈ ಪಳಗುವವರೆಗೆ ನಮ್ಮ ಮೈಸೂರು ಸೀಮೆಯ ಅಪಾರದರ್ಶಕ ನಕ್ಷತ್ರ ಮಾಣಿಕ್ಯ ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂಟಿ ದೀಪದಡಿ ಆರು ಕಿರಣ ಮೂಡುತ್ತದೆ, ಗುಮ್ಮಟದಾಕಾರವಾದ್ದರಿಂದ ಬೆಜೆಲ್ ಸರಾಗವಾಗಿ ಕೂರುತ್ತದೆ. ಕಿರಣಗಳು ಗೆರೆ ಎಳೆದಂತೆ ತೀರ ಚೊಕ್ಕವಾಗಿದ್ದರೆ ಅದು ಕಾರ್ಖಾನೆಯದೆಂದು ಅನುಮಾನಿಸಿ.

ಈಗ ನಿಮ್ಮ ಪದಕದ ವಿಷಯ. ಚಿತ್ರದಲ್ಲಿ ಹಿಂಬದಿಯ ತಟ್ಟೆಗೆ ಕಿಂಡಿ ಇರುವಂತೆ ಕಾಣುತ್ತದೆ. ತೆಳುವಾದ ಅಲಗಿನಿಂದ ಬೆಜೆಲ್ ಅಂಚನ್ನು ಸುತ್ತಲೂ ಸ್ವಲ್ಪಸ್ವಲ್ಪವೇ ಎತ್ತಿ, ಕಿಂಡಿಯ ಮೂಲಕ ಮರದ ಕಡ್ಡಿಯಿಂದ ಹರಳನ್ನು ತಳ್ಳಿ ಹೊರತೆಗೆಯಿರಿ, ಬೆಸುಗೆ ಮುಗಿಸಿ, ಪಟಿಕದಲ್ಲಿ ತೊಳೆದು, ಪಾಲಿಶ್ ಆದ ಮೇಲೆ ಮತ್ತೆ ಕೂರಿಸಿ. ಹರಳು ಬರದಿದ್ದರೆ ಕೊಕ್ಕೆಯನ್ನು ರಿವೆಟ್ ಮಾಡಿ (ಬೆಂಕಿಯಿಲ್ಲದೆ ಮೊಳೆ ಬಡಿದು ಕೂಡಿಸಿ), ಅಥವಾ ಲೇಸರ್ ಬೆಸುಗೆ ಯಂತ್ರವಿರುವ ಕಾರ್ಯಾಗಾರಕ್ಕೆ ಕೊಡಿ, ಅದರ ಶಾಖ ಒಂದು ಚುಕ್ಕೆಯಷ್ಟು ಜಾಗದಲ್ಲೇ ಮುಗಿಯುತ್ತದೆ. ಮುಂದಿನ ಸಲ ಬೆಜೆಲ್‌ನೊಳಗೆ ಹರಳನ್ನು ಇಟ್ಟು ಅಳತೆ ನೋಡುವಾಗ ಕೆಳಗೊಂದು ದಾರ ಹಾಸಿಕೊಳ್ಳಿ, ಸಿಕ್ಕಿಕೊಂಡರೆ ಎರಡು ತುದಿ ಹಿಡಿದು ಎತ್ತಬಹುದು.

ಹುಣಸೆಹಣ್ಣು ಬರಿಯ ಬೆಳ್ಳಿಗೆ ಸರಿ, ಹರಳಿಗಲ್ಲ. ಮುತ್ತು, ಹವಳ ಎರಡೂ ಸುಣ್ಣದ ಅಂಶದವು, ಹುಳಿ ತಾಗಿದರೆ ಮೇಲ್ಪದರವೇ ಕರಗುತ್ತದೆ. ಪಚ್ಚೆಯ ಬಿರುಕುಗಳಿಗೆ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ, ಅದನ್ನು ಬಿಸಿನೀರಿಗೂ ಅಲ್ಟ್ರಾಸಾನಿಕ್ ಯಂತ್ರಕ್ಕೂ ಹಾಕಬಾರದು. ಚಂದ್ರಕಾಂತ ಶಿಲೆ ಒಂದು ಪೆಟ್ಟಿಗೆ ಪದರವಾಗಿ ಸೀಳುತ್ತದೆ, ಅದನ್ನು ಉಂಗುರಕ್ಕಿಂತ ಓಲೆಗೆ ಇಡಿ. ಅರ್ಧ ತೂತಿನ ಮುತ್ತನ್ನು ಕಡ್ಡಿಗೆ ಕೂರಿಸಲು ತಕ್ಷಣ ಹಿಡಿಯುವ ಗೋಂದು ಬೇಡ, ಅದರ ಆವಿ ಸುತ್ತಲೂ ಬಿಳಿ ಮಂಜಿನಂತೆ ಕೂರುತ್ತದೆ. ನಿಧಾನವಾಗಿ ಗಟ್ಟಿಯಾಗುವ ಆರಾಲ್ಡೈಟನ್ನು ಕಡ್ಡಿಗೆ ಹಚ್ಚಿ, ಒಂದು ರಾತ್ರಿ ಅಲುಗಿಸದೆ ಬಿಡಿ.